ಎದುರು ಮಾತಾಡಿದರೆ ಸೌಹಾರ್ದ ಕೆಡುತ್ತದಾ?

ನಿವೃತ್ತ ಮೇಷ್ಟರೊಬ್ಬರು ಬರೆದಿದ್ದಾರೆ: "ಮನೆಯಲ್ಲೂ ಬೀದಿಯಲ್ಲೂ ಈಗ ಬರೀ ವಾದ, ಜಗಳ. ಚೀನಾದವರನ್ನು ನೋಡಿ. ಅವರ ಪುರಾತನ ತತ್ವಜ್ಞಾನಿ ಕನ್‌ಫ್ಯೂಷಿಯಸ್ ಹೇಳಿಕೊಟ್ಟಂತೆ ಹಿರಿಯರಿಗೆ ಎದುರಾಡುವುದಿಲ್ಲ. ಅಪ್ಪ ಅಮ್ಮನನ್ನು ಹೋಗಿ ನೋಡಲೇಬೇಕು ಎಂದು ಕಾನೂನೂ ಮಾಡಿದ್ದಾರೆ. ಅದಕ್ಕೇ ಅಲ್ಲಿ ಸೌಹಾರ್ದ ಇದೆ. ಈ ಹಳೆಯ ನೀತಿ ಇಂದಿಗೂ ಬೇಕಲ್ಲವೇ?"

ಬೇಕು ಮೇಷ್ಟ್ರೇ, ಖಂಡಿತ ಬೇಕು. ವಯಸ್ಸಾದವರಿಗೆ ತಿಂಗಳಿಗಿಷ್ಟು ದುಡ್ಡು ಕಳಿಸಿ ಕೈ ತೊಳೆದುಕೊಳ್ಳುವುದು ತಪ್ಪೇ. ಬರೀ ಊಟ ಹಾಕಿದರೆ ಏನಾಯಿತು, ನಾಯಿ ಕುದುರೆಗಳಿಗೂ ಹಾಕುತ್ತೇವೆ, ಗೌರವ ಇಲ್ಲದಿದ್ದರೆ ವ್ಯತ್ಯಾಸವೇನು ಅಂತ ಕನ್‌ಫ್ಯೂಷಿಯಸ್ಸೇ ಕೇಳಿದ್ದಾನೆ. ಅಲ್ಲಿಯವರೆಗೆ ನಿಮ್ಮ ಮಾತು ಸರಿ. ಆದರೆ "ಎದುರಾಡಬಾರದು" ಅನ್ನುವುದನ್ನು ದಯವಿಟ್ಟು ಅವನ ಬಾಯಿಗೆ ತುರುಕಬೇಡಿ. ಅದನ್ನು ತುರುಕಿದವರು ಅವನ ಹೆಸರು ಹೇಳಿಕೊಂಡು ರಾಜ್ಯ ಆಳಿದವರು.

ಕ್ರಿಸ್ತಪೂರ್ವ 522ರ ಒಂದು ಪ್ರಸಂಗ ಹೇಳುತ್ತೇನೆ. ಆಗ ಕನ್‌ಫ್ಯೂಷಿಯಸ್ ಇನ್ನೂ ಮೂವತ್ತರ ಆಸುಪಾಸಿನ ಹುಡುಗ. ಅವನ ಲೂ ರಾಜ್ಯದ ಪಕ್ಕದ ಚಿ ರಾಜ್ಯದ ದೊರೆ ಜಿಂಗ್‌ಗೆ ಒಂದು ವರ್ಷದಿಂದ ಕಾಯಿಲೆ, ಏನು ಮಾಡಿದರೂ ವಾಸಿಯಾಗುತ್ತಿಲ್ಲ. ಲಿಯಾಂಗ್‌ಚ್ಯು ಜು ಎಂಬ ಆಪ್ತ, ಇನ್ನೊಬ್ಬನ ಜೊತೆ ಸೇರಿ ಒಂದು ಸಲಹೆ ಕೊಟ್ಟ: ಪೂಜೆ ಮಾಡುವವರು ಸರಿಯಾಗಿ ಮಾಡಿಲ್ಲ, ಅವರನ್ನು ಕೊಲ್ಲಿಸಿಬಿಡಿ. ದೊರೆಗೂ ಹೌದು ಅನ್ನಿಸಿತು. ಮಂತ್ರಿ ಯಾನ್ ಯಿಂಗ್ ಮಾತ್ರ ಅಡ್ಡ ನಿಂತು ಹೇಳಿದ: ಕಾಡು ನಿಮ್ಮದು, ಕೆರೆ ನಿಮ್ಮದು, ಉಪ್ಪು ನಿಮ್ಮದು, ಎಲ್ಲದಕ್ಕೂ ಕಾವಲು, ದಾರಿ ದಾರಿಗೂ ಸುಂಕ. ಪ್ರಾರ್ಥನೆಯಿಂದ ಒಳ್ಳೆಯದಾಗುತ್ತದೆ ಅಂದರೆ ಶಾಪದಿಂದ ಕೆಟ್ಟದ್ದೂ ಆಗುತ್ತದೆ ಅಲ್ವಾ? ಇಡೀ ರಾಜ್ಯ ಶಪಿಸುತ್ತಿರುವಾಗ ಇಬ್ಬರು ಪೂಜಾರಿಗಳ ಪ್ರಾರ್ಥನೆ ಏನು ಮಾಡೀತು? ದೊರೆ ಒಪ್ಪಿದ. ಸುಂಕದ ಕಟ್ಟೆಗಳನ್ನು ತೆಗೆಸಿದ, ತೆರಿಗೆ ಇಳಿಸಿದ, ಸಾಲ ಮನ್ನಾ ಮಾಡಿದ.

ಮುಂದಿನ ಭಾಗ ನನಗೆ ಇನ್ನೂ ಇಷ್ಟ. ಬೇಟೆಯಿಂದ ಬಂದ ದೊರೆ, ಆ ಜು ರಥ ಓಡಿಸಿಕೊಂಡು ಬರುವುದನ್ನು ಕಂಡು, "ನನ್ನ ಜೊತೆ ಹೊಂದಿಕೊಂಡು ಹೋಗುವವನು ಅವನೊಬ್ಬನೇ" ಅಂದ. ಯಾನ್ ಯಿಂಗ್ ಒಪ್ಪಲಿಲ್ಲ: ಅವನು ಹೊಂದಿಕೊಳ್ಳುವುದಿಲ್ಲ, ಸುಮ್ನೆ ನಿಮ್ಮಂತೆ ಆಡುತ್ತಾನೆ ಅಷ್ಟೇ. ಹೊಂದಾಣಿಕೆ ಅಂದರೆ ಸಾರು ಮಾಡಿದ ಹಾಗೆ. ನೀರು, ಬೆಂಕಿ, ಹುಳಿ, ಉಪ್ಪು, ಮೀನು, ಮಾಂಸ ಎಲ್ಲ ಬೇರೆ ಬೇರೆ ಇದ್ದರೇ ರುಚಿ. ನೀರಿಗೆ ನೀರು ಬೆರೆಸಿದರೆ ಯಾರು ಉಣ್ಣುತ್ತಾರೆ? ದೊರೆ ಸರಿ ಅಂದದ್ದರಲ್ಲಿ ತಪ್ಪಿದ್ದರೆ ಅದನ್ನು ಎತ್ತಿ ತೋರಿಸುವವನೇ ಮಂತ್ರಿ.

ಯೋಚನೆ ಮಾಡಿ ಮೇಷ್ಟ್ರೇ. ಹೂಂ ಅಂದವನ ಮಾತು ನಡೆದಿದ್ದರೆ ಇಬ್ಬರ ತಲೆ ಹೋಗುತ್ತಿತ್ತು. ಊಹೂಂ ಅಂದವನಿಂದ ಅವರು ಬದುಕಿದರು, ಜನರ ಹೊರೆಯೂ ಇಳಿಯಿತು. ನಿಮ್ಮ ಲೆಕ್ಕದಲ್ಲಿ ಆ ಆಸ್ಥಾನದ ಸೌಹಾರ್ದ ಕೆಡಿಸಿದವನು ಯಾನ್ ಯಿಂಗ್!

ಕನ್‌ಫ್ಯೂಷಿಯಸ್ ಹೇಳಿದ್ದೂ ಇದನ್ನೇ. ಒಳ್ಳೆಯವನು ಹೊಂದಿಕೊಳ್ಳುತ್ತಾನೆ ಆದರೆ ಇನ್ನೊಬ್ಬರ ನಕಲಾಗುವುದಿಲ್ಲ, ಸಣ್ಣ ಮನುಷ್ಯ ನಕಲಾಗುತ್ತಾನೆ ಆದರೆ ಹೊಂದಿಕೊಳ್ಳುವುದಿಲ್ಲ ಅನ್ನುವುದು ಅವನ ಮಾತು. ಲೂ ರಾಜ್ಯದ ದೊರೆ ಡಿಂಗ್ ಒಮ್ಮೆ, ಒಂದೇ ಮಾತು ದೇಶ ಹಾಳು ಮಾಡಬಹುದಾ ಅಂತ ಕೇಳಿದ. ಕೆಟ್ಟ ಮಾತಿಗೂ ಯಾರೂ ಎದುರು ಹೇಳದೆ ಇದ್ದರೆ, ಅದು ಹೆಚ್ಚುಕಡಿಮೆ ಆ ಮಾತೇ ಅಂದ ಕನ್‌ಫ್ಯೂಷಿಯಸ್. ದೊರೆಯ ಸೇವೆ ಹೇಗೆ ಮಾಡಲಿ ಅಂತ ಶಿಷ್ಯ ಜಿಲು ಕೇಳಿದ್ದಕ್ಕೆ, ಮೋಸ ಮಾಡಬೇಡ, ಮುಖಕ್ಕೆ ಎದುರು ನಿಂತು ಹೇಳು ಅಂದ. ತಂದೆ ತಾಯಿ ತಪ್ಪಿದರೂ ಮೆಲ್ಲಗೆ ತಿದ್ದಿ ಹೇಳಬೇಕು, ಕೇಳದಿದ್ದರೆ ಗೌರವ ಬಿಡಬಾರದು ಅನ್ನುವುದು ಅವನ ಪಾಠ. ಗೌರವ ಮತ್ತು ಎದುರು ಮಾತು ಒಟ್ಟಿಗೇ ಇರುತ್ತವೆ. ಅದೇ ಕಷ್ಟದ ಭಾಗ, ಅದನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ.

ಈಗಿನ ಚೀನಾದ ಮಾತಿಗೆ ಬರೋಣ. 2006ರ ಅಕ್ಟೋಬರ್‌ನಲ್ಲಿ, ಅಧ್ಯಕ್ಷ ಹು ಜಿಂಟಾವೊ ಅವರ ಕಾಲದಲ್ಲಿ, ಕಮ್ಯುನಿಸ್ಟ್ ಪಕ್ಷ "ಸೌಹಾರ್ದ ಸಮಾಜ" ಕಟ್ಟುವ ನಿರ್ಣಯ ಮಾಡಿತು. ಒಳ್ಳೆಯ ಗುರಿಯೇ, ಬಡವ ಬಲ್ಲಿದರ ಅಂತರ ಕಡಿಮೆ ಮಾಡುವ ಮಾತೂ ಅದರಲ್ಲಿತ್ತು. ಆದರೆ ಸರ್ಕಾರಕ್ಕೆ ಒಗ್ಗದ ಬರಹಗಳು ಇಂಟರ್‌ನೆಟ್‌ನಿಂದ ಮಾಯವಾದದ್ದೂ ಆ ಹೆಸರಿನಲ್ಲೇ. ಅದಕ್ಕೂ ನಲವತ್ತು ವರ್ಷ ಹಿಂದಕ್ಕೆ ಹೋದರೆ, ಇದೇ ಕನ್‌ಫ್ಯೂಷಿಯಸ್‌ನ ಊರು ಚುಫುವಿನಲ್ಲಿ 1966ರಲ್ಲಿ ಮಾವೊ ಬೆಂಬಲಿಗ ಯುವಕರ ಪಡೆಯಾದ ರೆಡ್ ಗಾರ್ಡ್‌ಗಳು ಗೋರಿ, ಮೂರ್ತಿ ಒಡೆದಿದ್ದರು. 2011ರ ಜನವರಿಯಲ್ಲಿ ತಿಯಾನನ್‌ಮೆನ್ ಚೌಕದ ಬಳಿ ಅವನ ದೊಡ್ಡ ಕಂಚಿನ ಮೂರ್ತಿ ಎದ್ದಿತು, ಏಪ್ರಿಲ್‌ನಲ್ಲಿ ಸದ್ದಿಲ್ಲದೆ ಅಲ್ಲಿಂದ ಹೋಯಿತು. ಬೇಕಾದಾಗ ನಿಲ್ಲಿಸು, ಬೇಡವಾದಾಗ ತೆಗೆ. ಅವನ ಮಾತು ಕೇಳುವವರು ಮಾಡುವ ಕೆಲಸವಾ ಇದು?

ನೀವು ಹೇಳಿದ ಕಾನೂನು 2013ರ ಜುಲೈ 1ಕ್ಕೆ ಜಾರಿಯಾಯಿತು. ಅದೇ ದಿನ ವೂಷಿ ನಗರದ ಕೋರ್ಟು, 77 ವರ್ಷದ ತಾಯಿಯನ್ನು ಮಗಳು ಎರಡು ತಿಂಗಳಿಗೊಮ್ಮೆಯಾದರೂ ನೋಡಲೇಬೇಕೆಂದು ತೀರ್ಪು ಕೊಟ್ಟಿತು. ಆ ತಾಯಿಯ ಬಗ್ಗೆ ನನಗೂ ಸಂಕಟ ಇದೆ. ಆದರೆ ಮಕ್ಕಳು ಯಾಕೆ ದೂರ ಇದ್ದಾರೆ? 2020ರ ಜನಗಣತಿಯಂತೆ 37 ಕೋಟಿಗೂ ಜಾಸ್ತಿ ಜನ ತಮ್ಮ ಹೆಸರು ನೋಂದಣಿಯಾದ ಊರು ಬಿಟ್ಟು ಬೇರೆಡೆ ಇದ್ದಾರೆ. ಪ್ರತಿಯೊಬ್ಬರನ್ನೂ ಒಂದು ಊರಿಗೆ ಕಟ್ಟಿ, ಸರ್ಕಾರಿ ಸೌಲಭ್ಯಗಳನ್ನು ಆ ಊರಿಗೇ ಜೋಡಿಸುವ, 1958ರಿಂದ ಇರುವ ಹುಕೌ ನೋಂದಣಿ ಸಣ್ಣ ಊರುಗಳಲ್ಲಿ ಈಗ ಸಡಿಲವಾಗಿದೆ, ಬೀಜಿಂಗ್, ಶಾಂಘೈಗಳಲ್ಲಿ ಇನ್ನೂ ಬಿಗಿ. ಅಲ್ಲಿ ಕಟ್ಟಡ ಕಟ್ಟುವ ಹಳ್ಳಿಯವನಿಗೆ ಮಗುವನ್ನು ಅಲ್ಲೇ ಸರ್ಕಾರಿ ಶಾಲೆಗೆ ಸೇರಿಸುವುದು ಕಷ್ಟ. ಮಗು ಹಳ್ಳಿಯಲ್ಲಿ ಅಜ್ಜಿಯ ಹತ್ತಿರ, ಅಪ್ಪ ಅಮ್ಮ ಹಬ್ಬಕ್ಕೊಮ್ಮೆ ರೈಲು ಹತ್ತಿ ಬರುವವರು. ಹೀಗೆ ಸಂಸಾರವನ್ನು ಹರಿದು ಹಂಚಿದ ಮೇಲೆ, ತಾಯಿಯನ್ನು ನೋಡಲು ಬರಲಿಲ್ಲ ಅಂತ ಮಗನನ್ನು ಗದರಿಸುವುದು ಯಾವ ನೀತಿ? ಸರ್ಕಾರಗಳಿಗೆ ಇದು ತುಂಬಾ ಅಗ್ಗದ ದಾರಿ. ಮನೆ, ಕೆಲಸ, ಶಾಲೆ ಕೊಡುವುದಕ್ಕಿಂತ ಸಂಸ್ಕಾರದ ಭಾಷಣ ಕೊಡುವುದು ಸುಲಭ. ನೀವೂ ಆ ಭಾಷಣಕ್ಕೆ ತಲೆದೂಗಿದಿರಿ ಅಂತ ನನಗೆ ಬೇಜಾರು.

ಕನ್‌ಫ್ಯೂಷಿಯಸ್ ಸತ್ತು ನೂರೈವತ್ತಕ್ಕೂ ಹೆಚ್ಚು ವರ್ಷಗಳ ನಂತರ ಅವನ ಹಾದಿಯ ಚಿಂತಕ ಮೆನ್ಷಿಯಸ್ ಅದೇ ಚಿ ರಾಜ್ಯಕ್ಕೆ ಬಂದ. ಅಲ್ಲಿನ ರಾಜ ಷುವಾನ್‌ಗೆ ಅವನು ಹೇಳಿದ್ದು ನೇರವಾಗಿದೆ: ಸ್ಥಿರವಾದ ಜೀವನೋಪಾಯ ಇಲ್ಲದವರಲ್ಲಿ ಸ್ಥಿರವಾದ ಮನಸ್ಸನ್ನು ಹುಡುಕಬೇಡ. ಅವರು ತಪ್ಪು ಮಾಡುವ ಸ್ಥಿತಿ ತಂದಿಟ್ಟು ಆಮೇಲೆ ಶಿಕ್ಷಿಸುವುದು ಬಲೆ ಹಾಕಿ ಹಿಡಿದಂತೆ. ಮೊದಲು ತಂದೆ ತಾಯಿಯನ್ನು, ಹೆಂಡತಿ ಮಕ್ಕಳನ್ನು ಸಾಕುವಷ್ಟು ಕೊಡು, ಆಮೇಲೆ ಒಳ್ಳೆಯತನದ ಪಾಠ ಹೇಳು. ಮನೆ ಸುತ್ತ ಹಿಪ್ಪುನೇರಳೆ ನೆಡಲು ಜಾಗ, ಐವತ್ತು ದಾಟಿದವರಿಗೆ ರೇಷ್ಮೆ ಬಟ್ಟೆ, ಎಪ್ಪತ್ತು ದಾಟಿದವರಿಗೆ ಮಾಂಸದ ಊಟ, ತಲೆ ನೆರೆತವರು ದಾರಿಯಲ್ಲಿ ಹೊರೆ ಹೊರಬಾರದು, ಹೀಗೆ ಪಟ್ಟಿಯನ್ನೇ ಕೊಟ್ಟ. ರಾಜ ಕೇಳಿಸಿಕೊಂಡ, ಜಾರಿಗೆ ತರಲಿಲ್ಲ. ಕೊನೆಗೆ ಮೆನ್ಷಿಯಸ್ ಹುದ್ದೆ ಬಿಟ್ಟು ಹೊರಟುಹೋದ. ಮೇಷ್ಟ್ರೇ, ಹಳೆಯ ಚೀನಾದ ನೀತಿ ಇಂದಿಗೂ ಬೇಕು ಅಂದಿರಲ್ಲ, ನನಗೆ ಬೇಕಾಗಿರುವುದು ಆ ಪಟ್ಟಿ.