ಓದುಗರ ಪ್ರಶ್ನೆ: ಗೋವೆಯ ನೆಲದಲ್ಲಿ ನಮ್ಮ ಹಕ್ಕು ಎಷ್ಟು?

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯ ಭೋವಿ ಸಮುದಾಯದವನು. ಮಡಗಾಂವಿನ ಹತ್ತಿರ ಕಟ್ಟಡದ ಕೆಲಸ ಮಾಡುತ್ತೇನೆ. ಬಾಕಿ ಕೂಲಿ ಕೇಳಿದ್ದಕ್ಕೆ ಗುತ್ತಿಗೆದಾರನ ಕಡೆಯವನೊಬ್ಬ ಎಲ್ಲರ ಎದುರು ‘ಘಾಟಿ’ ಎಂದು ಹೀಯಾಳಿಸಿ, ಜಾತಿ ಹಿಡಿದು ಬೈದ. ಠಾಣೆಯಲ್ಲಿ, ‘ನಿಮ್ಮ ಜಾತಿ ಗೋವೆಯ ಪಟ್ಟಿಯಲ್ಲಿಲ್ಲ, ದೌರ್ಜನ್ಯ ತಡೆ ಕಾಯ್ದೆ ನಿಮಗೆ ಅನ್ವಯಿಸುವುದಿಲ್ಲ’ ಎಂದು ಹೇಳಿ ಕಳಿಸಿದರು. ಇದು ಸರಿಯೇ?
(ಒಬ್ಬ ಓದುಗ, ಮಡಗಾಂವ್)

ಉತ್ತರ: ಸರಿಯಲ್ಲ. ಠಾಣೆಯವರ ಮಾತಿನಲ್ಲಿ ಅರ್ಧ ಭಾಗ ಮಾತ್ರ ನಿಜ, ಮತ್ತು ಆ ಅರ್ಧದ ಆಸರೆಯಲ್ಲಿಯೇ ಎಷ್ಟೋ ದೂರುಗಳು ದಾಖಲಾಗದೆ ಉಳಿಯುತ್ತವೆ. ಗೋವೆಯ ಪರಿಶಿಷ್ಟ ಜಾತಿಗಳ ಪಟ್ಟಿ ಬಹಳ ಚಿಕ್ಕದು. ಭಂಗಿ, ಚಾಂಭಾರ, ಮಹಾರ, ಮಹ್ಯಾವಂಶಿ ಮತ್ತು ಮಾಂಗ ಸಮುದಾಯಗಳು ಮಾತ್ರ ಅದರಲ್ಲಿವೆ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯೆಂದು ಗುರುತಿಸಲಾಗಿರುವ ಭೋವಿಗಳೂ ಲಂಬಾಣಿಗಳೂ ಅಲ್ಲಿಲ್ಲ. ಸಂವಿಧಾನದ 341ನೆಯ ವಿಧಿಯ ಪ್ರಕಾರ ಈ ಪಟ್ಟಿಗಳು ಆಯಾ ರಾಜ್ಯಕ್ಕೆ ಸಂಬಂಧಿಸಿದವು. ಆಂಧ್ರದ ಪರಿಶಿಷ್ಟ ಪಂಗಡದ ವಿದ್ಯಾರ್ಥಿಯೊಬ್ಬ ಮುಂಬೈಯ ವೈದ್ಯಕೀಯ ಕಾಲೇಜಿನಲ್ಲಿ ಮೀಸಲು ಸೀಟು ಕೇಳಿದ ಪ್ರಕರಣದಲ್ಲಿ, ವಲಸೆ ಹೋದ ರಾಜ್ಯದಲ್ಲಿ ಮೀಸಲಾತಿ ದೊರೆಯದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 1990ರಲ್ಲಿ ತೀರ್ಪು ನೀಡಿತು. 2018ರಲ್ಲಿ ಇನ್ನೊಂದು ಸಂವಿಧಾನ ಪೀಠವೂ ಅದೇ ನಿಲುವನ್ನು ಎತ್ತಿಹಿಡಿಯಿತು. ಆದ್ದರಿಂದ ಗೋವಾ ಸರ್ಕಾರದ ನೌಕರಿಯಲ್ಲಿ ನೀವು ಮೀಸಲಾತಿ ಕೇಳಲಾಗದು. ತಲೆಮಾರುಗಳಿಂದ ಇಲ್ಲಿ ಕಲ್ಲು ಹೊತ್ತವರ ಮಕ್ಕಳಿಗೂ ಇದೇ ನಿಯಮವನ್ನು ಅನ್ವಯಿಸುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೆ ಇವತ್ತಿನ ಕಾನೂನು ಹಾಗಿದೆ.

ಅವಮಾನದಿಂದ ರಕ್ಷಣೆ ಬೇರೆಯ ಮಾತು. 1989ರ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ತವರು ರಾಜ್ಯದ ಗಡಿಗೆ ಮುಗಿಯುವುದಿಲ್ಲ, ಸಂತ್ರಸ್ತನ ಜಾತಿ ಅವನು ನೆಲೆಸಿರುವ ರಾಜ್ಯದ ಪಟ್ಟಿಯಲ್ಲಿ ಇಲ್ಲದಿದ್ದರೂ ದೇಶದ ಯಾವ ಭಾಗದಲ್ಲಾದರೂ ಅವನು ಆ ರಕ್ಷಣೆಗೆ ಅರ್ಹ ಎಂದು ಬಾಂಬೆ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೂರ್ಣಪೀಠವು 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಗೋವೆಯೂ ಇದೇ ಹೈಕೋರ್ಟಿನ ವ್ಯಾಪ್ತಿಯಲ್ಲಿರುವುದರಿಂದ ಈ ತೀರ್ಪನ್ನು ಇಲ್ಲಿನ ಯಾವ ಠಾಣೆಯೂ ತಳ್ಳಿಹಾಕುವಂತಿಲ್ಲ.

ಈಗ ದೂರನ್ನು ಬರಹದಲ್ಲಿ ಕೊಡಿ. ಊರಿನ ತಹಶೀಲ್ದಾರರು ನೀಡಿದ ಜಾತಿ ಪ್ರಮಾಣಪತ್ರದ ಪ್ರತಿಯನ್ನು ಜೊತೆಗಿಡಿ. ಬೈದವನು ಪರಿಶಿಷ್ಟ ಜಾತಿ ಅಥವಾ ಪಂಗಡದವನಾಗಿರಬಾರದು ಮತ್ತು ಘಟನೆ ಸಾರ್ವಜನಿಕರ ಕಣ್ಣೆದುರು ನಡೆದಿರಬೇಕು ಎಂಬ ಎರಡು ಷರತ್ತುಗಳು ಇಲ್ಲಿ ಮುಖ್ಯ. ಹಾಗಾಗಿ ಅಲ್ಲಿದ್ದವರ ಹೆಸರುಗಳನ್ನೂ, ಅವನು ಆಡಿದ ಮಾತುಗಳನ್ನು ಆಡಿದ ಹಾಗೆಯೇ, ಎಷ್ಟೇ ಹೊಲಸಾಗಿದ್ದರೂ, ಬರೆಯಿರಿ. ‘ಕೆಟ್ಟದಾಗಿ ಬೈದರು’ ಎಂದಷ್ಟೇ ಬರೆದ ದೂರು ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ‘ಘಾಟಿ’ ಎಂಬ ನಿಂದನೆ ಘಟ್ಟದ ಮೇಲಿನವರೆಲ್ಲರ ಮೇಲೆ ಎಸೆಯುವಂಥದ್ದಾದ್ದರಿಂದ ಅದೊಂದರಿಂದಲೇ ಈ ಕಾಯ್ದೆ ಅನ್ವಯವಾಗುವುದಿಲ್ಲ. ಜಾತಿ ಎತ್ತಿ ಆಡಿದ ಮಾತೇ ಇಲ್ಲಿ ಆಧಾರ. 2018ರ ತಿದ್ದುಪಡಿಯ ನಂತರ ಇಂಥ ದೂರಿಗೆ ಎಫ್‌ಐಆರ್ ದಾಖಲಿಸುವ ಮೊದಲು ಪ್ರಾಥಮಿಕ ವಿಚಾರಣೆಯ ಅಗತ್ಯವಿಲ್ಲ. ತನಿಖೆಯನ್ನು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನ ಅಧಿಕಾರಿ ನಡೆಸುವಂತಿಲ್ಲ. ಠಾಣೆಯವರು ಮತ್ತೆ ನಿರಾಕರಿಸಿದರೆ ಅದೇ ದೂರನ್ನು ಅಂಚೆಯ ಮೂಲಕ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಿ, ರಸೀದಿ ಕಾಯ್ದಿಟ್ಟುಕೊಳ್ಳಿ. ಕರ್ತವ್ಯವನ್ನು ಬೇಕೆಂದೇ ಕಡೆಗಣಿಸುವ ಅಧಿಕಾರಿಗೆ ಶಿಕ್ಷೆ ವಿಧಿಸಲು ಕಾಯ್ದೆಯ 4ನೆಯ ಸೆಕ್ಷನ್ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಪರಿಶಿಷ್ಟರಿಗೂ ಮಹಿಳೆಯರಿಗೂ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಬಾಕಿ ಕೂಲಿಯನ್ನು ಕೊಟ್ಟುಬಿಡುತ್ತೇವೆ, ದೂರು ಬಿಡಿ ಎಂಬ ರಾಜಿಯ ಮಾತು ನಿಮ್ಮ ಬಳಿಗೆ ಬಂದೇ ಬರುತ್ತದೆ. ಕೂಲಿ ನೀವು ದುಡಿದದ್ದು. ಅದಕ್ಕಾಗಿ ಕಾರ್ಮಿಕ ಇಲಾಖೆಗೆ ಬೇರೆಯೇ ಅರ್ಜಿ ಹಾಕಿ, ಮತ್ತು ಕೂಲಿ ಸಿಗದೆ ಉಳಿದ ಜೊತೆಗಾರರೆಲ್ಲರ ಸಹಿಯನ್ನೂ ಅದರಲ್ಲಿ ಸೇರಿಸಿ.

ಪ್ರಶ್ನೆ: ನಾವು ಕೊಪ್ಪಳದ ಕಡೆಯ ಹೆಣ್ಣುಮಕ್ಕಳು, ಪರ್ವರಿಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತೇವೆ. ಕಾರ್ಮಿಕ ಮಂಡಳಿಯ ಕಾರ್ಡು ಗೋವೆಯವರಿಗೆ ಮಾತ್ರ ಎಂದು ಮೇಸ್ತ್ರಿ ಹೇಳುತ್ತಾನೆ. ನಮಗೆ ಸಿಗುವುದಿಲ್ಲವೇ?
(ಒಬ್ಬ ಓದುಗಿ, ಪರ್ವರಿ)

ಉತ್ತರ: ಸಿಗುತ್ತದೆ. ಕಟ್ಟಡದ ವೆಚ್ಚದ ಮೇಲೆ ಕಟ್ಟಿಸುವವರಿಂದ ಶೇಕಡಾ 1ರಷ್ಟು ಸೆಸ್, ಅಂದರೆ ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ಹಾಕುವ ಕರ, ಈ ಮಂಡಳಿಗಾಗಿ ವಸೂಲಾಗುತ್ತದೆ. ಆ ಹಣ ನಿಮ್ಮ ತಲೆಯ ಮೇಲಿನ ಬುಟ್ಟಿಯ ಲೆಕ್ಕದಲ್ಲಿಯೇ ಬಂದದ್ದು. ಕಟ್ಟಡ ಕಾರ್ಮಿಕರ 1996ರ ಕಾಯ್ದೆಯಿಂದ ಆರಂಭವಾಗಿ, 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮುಂದುವರಿದಿರುವ ಈ ವ್ಯವಸ್ಥೆಯಲ್ಲಿ ಅರ್ಹತೆಯ ಷರತ್ತುಗಳು ಎರಡೇ. ವಯಸ್ಸು 18ರಿಂದ 60ರ ಒಳಗಿರಬೇಕು ಮತ್ತು ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡದ ಕೆಲಸ ಮಾಡಿರಬೇಕು. ಇಂಥ ರಾಜ್ಯದಲ್ಲಿಯೇ ಹುಟ್ಟಿರಬೇಕು ಎಂಬ ಮಾತು ಈ ಷರತ್ತುಗಳಲ್ಲಿ ಎಲ್ಲೂ ಇಲ್ಲ.

ತೊಡಕು ಇರುವುದು 90 ದಿನಗಳನ್ನು ತೋರಿಸುವುದರಲ್ಲಿ. ಇವತ್ತು ಒಂದು ಸೈಟು, ನಾಳೆ ಇನ್ನೊಂದು, ಹಾಜರಿ ಪುಸ್ತಕ ಮೇಸ್ತ್ರಿಯ ಜೇಬಿನಲ್ಲಿ; ಹೀಗಿರುವಾಗ ಹೆಣ್ಣಾಳಿನ ದುಡಿಮೆ ಎಷ್ಟೋ ಸಲ ಗಂಡನ ಹೆಸರಿನಲ್ಲಿಯೇ ಬರೆಯಲ್ಪಡುತ್ತದೆ. ಮೊದಲು ಅದನ್ನು ನಿಲ್ಲಿಸಿ. ನಿಮ್ಮ ಹೆಸರಿನಲ್ಲಿ ಬೇರೆ ಹಾಜರಿ ಹಾಕಿಸಿ, ವಾರದ ಬಟವಾಡೆಯ ದಿನ ಅದರ ಫೋಟೊ ತೆಗೆದುಕೊಳ್ಳಿ, ಸಾಧ್ಯವಾದರೆ ಕೂಲಿಯನ್ನು ನಿಮ್ಮದೇ ಬ್ಯಾಂಕ್ ಖಾತೆಗೆ ಹಾಕಿಸಿಕೊಳ್ಳಿ. ಒಬ್ಬೊಬ್ಬರೇ ಕಚೇರಿಗೆ ಅಲೆಯುವ ಬದಲು ಹತ್ತು ಹದಿನೈದು ಜನ ಒಟ್ಟಿಗೆ ಅರ್ಜಿ ಕೊಡಿ, ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿಯೇ ಕೇಳಿ. ದೇಶದಾದ್ಯಂತ ಸೆಸ್ ಹಣ ಸಾವಿರಾರು ಕೋಟಿಗಳಷ್ಟು ಸಂಗ್ರಹವಾಗಿಯೂ ಕಾರ್ಮಿಕರನ್ನು ತಲುಪದೆ ಉಳಿದಿರುವುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಕಟುವಾಗಿ ಟೀಕಿಸಿತು. ಆ ಮೊಕದ್ದಮೆಯನ್ನು ಹೂಡಿದ್ದು ಕಟ್ಟಡ ಕಾರ್ಮಿಕರ ಪರವಾದ ಸಂಘಟನೆಗಳ ಒಕ್ಕೂಟವೇ ಎಂಬುದನ್ನು ಮೇಸ್ತ್ರಿಗೂ ತಿಳಿಸಿ.

ಪ್ರಶ್ನೆ: ನಾನು ಜುವಾರಿನಗರದಲ್ಲಿ ಹುಟ್ಟಿ ಬೆಳೆದ ಕನ್ನಡಿಗ, ಕಾಲೇಜು ವಿದ್ಯಾರ್ಥಿ. ಗೋವೆಯ ಆದಿವಾಸಿಗಳ ಹಕ್ಕಿನ ಸಭೆಗಳಿಗೆ ಹೋಗುವ ಆಸೆ. ‘ಅದು ಅವರ ಹೋರಾಟ, ನಮಗೇಕೆ’ ಎಂದು ಮನೆಯವರು ತಡೆಯುತ್ತಾರೆ.
(ಒಬ್ಬ ವಿದ್ಯಾರ್ಥಿ, ವಾಸ್ಕೊ)

ಉತ್ತರ: ಮನೆಯವರ ಹೆದರಿಕೆ ನನಗೆ ಅರ್ಥವಾಗುತ್ತದೆ. 2004ರ ಜೂನ್ ತಿಂಗಳಿನಲ್ಲಿ ಬೈನಾ ಕಡಲತೀರದ ಮನೆಗಳನ್ನು ಕೆಡವಿದಾಗ ಮಳೆಯಲ್ಲಿ ಬೀದಿಗೆ ಬಿದ್ದವರಲ್ಲಿ ಬಹಳಷ್ಟು ಮಂದಿ ನಮ್ಮವರೇ. ಅದನ್ನು ಕಂಡ ಪೀಳಿಗೆಯವರು ತಲೆ ತಗ್ಗಿಸಿ ಬಾಳುವುದೇ ಕ್ಷೇಮವೆಂದುಕೊಂಡರು. ಆದರೂ ನೀವು ಹೋಗಬೇಕೆಂದೇ ನಾನು ಹೇಳುತ್ತೇನೆ. ಗಾವಡಾ, ಕುಣಬಿ ಮತ್ತು ವೇಳಿಪ್ ಸಮುದಾಯಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ, ಅಂದರೆ ಗೋವೆ ಭಾರತಕ್ಕೆ ಸೇರಿ ನಾಲ್ಕು ದಶಕಗಳು ಕಳೆದ ಮೇಲೆ. ತಮಗೆ ಸಲ್ಲಬೇಕಾದುದನ್ನು ಕೇಳಿ 2011ರ ಮೇ 25ರಂದು ಬಾಳ್ಳಿಯಲ್ಲಿ ಅವರು ನಡೆಸಿದ ಚಳವಳಿಯ ವೇಳೆ ಇಬ್ಬರು ಯುವಕರು ಪ್ರಾಣ ಕಳೆದುಕೊಂಡರು. ವಿಧಾನಸಭೆಯ 40 ಸ್ಥಾನಗಳಲ್ಲಿ ಅವರಿಗೆ ಮೀಸಲು ಕ್ಷೇತ್ರ ಒದಗಿಸುವ ಮಸೂದೆ ಸಂಸತ್ತಿನಲ್ಲಿ ಅಂಗೀಕಾರವಾಗಲು 2025ರ ಆಗಸ್ಟ್‌ವರೆಗೆ ಕಾಯಬೇಕಾಯಿತು. ಪಟ್ಟಿಯೊಂದರಲ್ಲಿ ಹೆಸರಿಲ್ಲದೆ ಬದುಕುವುದರ ನೋವನ್ನು ಮೊದಲ ಪ್ರಶ್ನೆ ಕೇಳಿದ ಕಲ್ಲುಕೆಲಸದವರಷ್ಟೇ ಚೆನ್ನಾಗಿ ಬಲ್ಲವರು ಈ ಜನ.

ಸಭೆಗೆ ಹೋದಾಗ ಕೊಂಕಣಿಯಲ್ಲಿ ಮಾತನಾಡಿ, ಮುಂದಾಳತ್ವವನ್ನು ಅವರಿಗೇ ಬಿಡಿ. ಅವರ ಜಮೀನು, ಕಾಡಿನ ಹಕ್ಕುಗಳ ಅರ್ಜಿಗಳನ್ನು ತುಂಬಲು, ದಾಖಲೆ ಹುಡುಕಲು ಓದಿದ ಹುಡುಗರ ಅಗತ್ಯ ಇದ್ದೇ ಇರುತ್ತದೆ. ಅವರ ನೆಲ ಹೋಗುವುದೂ ನಮ್ಮವರ ಕೂಲಿ ಮುಳುಗುವುದೂ ಎಷ್ಟೋ ಕಡೆ ಒಂದೇ ಕಟ್ಟಡದ ಕಾಮಗಾರಿಯಲ್ಲಿ ಎಂಬುದು ಅಲ್ಲಿ ಕುಳಿತು ಕೇಳಿದಾಗ ನಿಮಗೇ ಕಾಣುತ್ತದೆ.

ಪ್ರಶ್ನೆ: ಗದಗ ಜಿಲ್ಲೆಯ ರೇಷನ್ ಕಾರ್ಡಿನಲ್ಲಿ ಮಾಪ್ಸಾದಲ್ಲಿ ಅಕ್ಕಿ ಪಡೆಯಬಹುದೇ?
(ಒಬ್ಬ ಓದುಗಿ, ಮಾಪ್ಸಾ)

ಉತ್ತರ: ಪಡೆಯಬಹುದು. ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಕಾರ್ಡಾಗಿದ್ದು ಆಧಾರ್ ಜೋಡಣೆಯಾಗಿದ್ದರೆ, ಗೋವೆಯ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಬೆರಳಚ್ಚು ಕೊಟ್ಟು ಕೇಂದ್ರದ ಪಾಲಿನ ಧಾನ್ಯ ಪಡೆಯಬಹುದು. ನಿಮ್ಮ ಪಾಲನ್ನು ಇಲ್ಲಿ, ಊರಿನಲ್ಲಿರುವ ಅತ್ತೆ ಮಾವಂದಿರ ಪಾಲನ್ನು ಅಲ್ಲಿ ಬಿಡಿಸಿಕೊಳ್ಳಲೂ ಅವಕಾಶವಿದೆ. ಕರ್ನಾಟಕ ಸರ್ಕಾರ ತನ್ನ ಹಣದಿಂದ ಕೊಡುವ ಹೆಚ್ಚುವರಿ ಭಾಗ ಮಾತ್ರ ಇಲ್ಲಿ ಸಿಗುವುದಿಲ್ಲ. ಅಂಗಡಿಯವರು ನಿರಾಕರಿಸಿದರೆ 14445ಕ್ಕೆ ಕರೆ ಮಾಡಿ ದೂರು ನೀಡಿ.