ಓದುಗರ ಪ್ರಶ್ನೆ: ಬಿಲ್ಲುಬೇಟೆಯ ಬ್ಲೈಂಡನ್ನು (ಬೇಟೆಗಾರ ಅವಿತು ಕೂರುವ ಮರೆಯನ್ನು) ಎಲ್ಲಿ ಹೂಡಬೇಕು?

ಪ್ರಶ್ನೆ: ನಾನು ಅಮೆರಿಕದ ಮಿಷಿಗನ್ ರಾಜ್ಯದ ಲೋವರ್ ಪೆನಿನ್ಸುಲಾ ಭಾಗದಲ್ಲಿದ್ದೇನೆ. ಸ್ನೇಹಿತರೊಬ್ಬರ 40 ಎಕರೆ ಜಮೀನಿನಲ್ಲಿ, ಅವರ ಒಪ್ಪಿಗೆ ಮತ್ತು ಸರ್ಕಾರದ ಪರವಾನಗಿ ಪಡೆದು, ಕಾಂಪೌಂಡ್ ಬಿಲ್ಲಿನಿಂದ ಬಿಳಿಬಾಲದ ಜಿಂಕೆಯ ಬೇಟೆಗೆ ತೊಡಗಿದ್ದೇನೆ. ಜಮೀನಿನ ನೈಋತ್ಯಕ್ಕೆ ಮೆಕ್ಕೆಜೋಳದ ಹೊಲ, ನಡುವೆ ಓಕ್ ಮರಗಳ ಕಾಡು, ಈಶಾನ್ಯದ ತಗ್ಗಿನಲ್ಲಿ ಪೊದೆ ತುಂಬಿದ ಜೌಗು ಇವೆ. ಹಗಲು ಜೌಗಿನಲ್ಲಿ ಮಲಗುವ ಜಿಂಕೆಗಳು ಸಂಜೆ ಕಾಡಿನ ಹಾದಿ ಹಿಡಿದು ಹೊಲಕ್ಕೆ ಬರುತ್ತವೆ. ಹಾದಿ ಹೊಲಕ್ಕೆ ತೆರೆದುಕೊಳ್ಳುವ ಕಡೆ, ಅದಕ್ಕೆ ನೇರ ಎದುರಾಗಿ, ಗುಡಾರದಂಥ ಗ್ರೌಂಡ್ ಬ್ಲೈಂಡ್ ಹೂಡಿ ಕುಳಿತರೆ ಜಿಂಕೆಗಳು ದೂರದಲ್ಲೇ ನಿಂತು, ಮುಂಗಾಲಿನಿಂದ ನೆಲ ಬಡಿದು, ಬುಸುಗುಟ್ಟಿ ಹಿಂದಿರುಗುತ್ತಿವೆ. ಬ್ಲೈಂಡ್ ಎಲ್ಲಿರಬೇಕಿತ್ತು?

ಉತ್ತರ: ತಾವು ವಿವರಿಸಿದ ವರ್ತನೆಯಲ್ಲೇ ಕಾರಣ ಅಡಗಿದೆ. ಜಿಂಕೆ ಮುಂಗಾಲು ಬಡಿಯುವುದು ಹೊಸದೇನನ್ನೋ ಕಂಡು ಅನುಮಾನಗೊಂಡಾಗ. ಬುಸುಗುಟ್ಟಿ ತಿರುಗುವುದು, ಹೆಚ್ಚಿನ ವೇಳೆ, ಮನುಷ್ಯನ ವಾಸನೆ ಖಚಿತವಾದಾಗ. ಅಂದರೆ ಬ್ಲೈಂಡ್ ಅವುಗಳ ಕಣ್ಣಿಗೆ ಬಿದ್ದಿದೆ, ತಾವು ಅವುಗಳ ಮೂಗಿಗೆ ಸಿಕ್ಕಿದ್ದೀರಿ. ಮೊದಲನೆಯದನ್ನು ಕೆಲವು ವಾರಗಳಲ್ಲಿ ಸರಿಪಡಿಸಬಹುದು, ಎರಡನೆಯದಕ್ಕೆ ಜಾಗ ಬದಲಿಸದೆ ದಾರಿಯಿಲ್ಲ. ಬ್ಲೈಂಡ್ ಬೇಟೆಗಾರನ ಅಲುಗಾಟವನ್ನು ಮರೆಮಾಡುತ್ತದೆ. ವಾಸನೆಯನ್ನೂ ಅದು ತಡೆದುಬಿಡುತ್ತದೆಂಬ ಜಾಹೀರಾತಿನ ಮಾತನ್ನು, ಕಿಟಕಿ ತೆರೆದು ಕೂರಬೇಕಾದವರು ನಂಬದಿರುವುದೇ ಒಳ್ಳೆಯದು.

ಮಿಷಿಗನ್‌ನ ಆ ಭಾಗದಲ್ಲಿ ಶರತ್ಕಾಲದ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಅಥವಾ ನೈಋತ್ಯದಿಂದ ಬೀಸುತ್ತದೆ. ಚಳಿಯ ಅಲೆಯೊಂದು ದಾಟಿಹೋದ ಬಳಿಕ ವಾಯವ್ಯಕ್ಕೆ ತಿರುಗುತ್ತದೆ. ತಮ್ಮ ಜಿಂಕೆಗಳು ಈಶಾನ್ಯದಿಂದ ನೈಋತ್ಯಕ್ಕೆ, ಎಂದರೆ ಬಹುಪಾಲು ಸಂಜೆಗಳಲ್ಲಿ ಗಾಳಿಗೆ ಮುಖ ಕೊಟ್ಟು ನಡೆಯುತ್ತವೆ. ಹೊಲದಂಚಿನಲ್ಲಿ ಕುಳಿತ ಮನುಷ್ಯನ ವಾಸನೆ ಇಡೀ ಹಾದಿಯುದ್ದಕ್ಕೂ ಹರಿದು, ಅವು ಜೌಗಿನಿಂದ ಏಳುವ ಮೊದಲೇ ಅಲ್ಲಿಗೆ ತಲುಪಿರುತ್ತದೆ. ಆದ್ದರಿಂದ ಬ್ಲೈಂಡನ್ನು ಹೊಲದಂಚಿನಿಂದ ಕಿತ್ತು, ಕಾಡಿನೊಳಗೆ, ಹಾದಿಯ ಆಗ್ನೇಯ ಮಗ್ಗುಲಿಗೆ, ಹಾದಿಯಿಂದ ಸುಮಾರು 20 ಗಜ ದೂರದಲ್ಲಿ ಹೂಡಿ, ಗಾಳಿ ವಾಯವ್ಯದಿಂದ ಬೀಸುವ ದಿನಗಳಲ್ಲಿ ಮಾತ್ರ ಅಲ್ಲಿ ಕುಳಿತುಕೊಳ್ಳಿ. ಆಗ ಗಾಳಿ ಹಾದಿಯನ್ನು ಅಡ್ಡಲಾಗಿ ದಾಟಿ ತಮ್ಮ ಕಡೆಗೆ ಬರುತ್ತದೆ, ತಮ್ಮ ವಾಸನೆ ಜಿಂಕೆಗಳಿಲ್ಲದ ಆಗ್ನೇಯಕ್ಕೆ ಸಾಗುತ್ತದೆ. ನೈಋತ್ಯದ ಗಾಳಿಯಿದ್ದ ದಿನ ಮನೆಯಲ್ಲಿರುವುದು ಕಷ್ಟದ ಮಾತೇ. ಆದರೂ ವಾಸನೆ ಹಿಡಿದು ಹೆದರಿದ ಜಿಂಕೆಗಳು ಆ ಹಾದಿಯನ್ನು ಹಗಲಿನಲ್ಲಿ ತುಳಿಯುವುದನ್ನೇ ಬಿಡಬಹುದಾದ್ದರಿಂದ, ಹಾದಿ ಎಷ್ಟೇ ಚೆನ್ನಾಗಿದ್ದರೂ ಗಾಳಿ ಕೆಟ್ಟಿದ್ದರೆ ಅಲ್ಲಿ ಕೂರಬಾರದೆಂಬುದೇ ನನ್ನ ಖಚಿತ ಅಭಿಪ್ರಾಯ.

ಹವಾಮಾನ ವರದಿಯ ಗಾಳಿ ಒಂದು, ನೆಲದ ಮೇಲಿನ ಗಾಳಿ ಇನ್ನೊಂದು. ಸಂಜೆ ಬಿಸಿಲಿಳಿದಂತೆ ತಣ್ಣಗಾದ ಗಾಳಿ ಭಾರವಾಗಿ ಇಳಿಜಾರಿನತ್ತ ಹರಿಯುತ್ತದೆ, ಬೆಳಗ್ಗೆ ನೆಲ ಕಾದ ಮೇಲೆ ಮೇಲಕ್ಕೇರುತ್ತದೆ. ತಮ್ಮ ಜಮೀನಿನಲ್ಲಿ ತಗ್ಗು ಇರುವುದು ಜೌಗಿನ ಕಡೆಗೆ. ವಾಯವ್ಯದ ಗಾಳಿ ಗಂಟೆಗೆ ಎರಡು ಮೂರು ಮೈಲಿಯಷ್ಟು ದುರ್ಬಲವಾಗಿದ್ದರೆ, ಸೂರ್ಯಾಸ್ತದ ಹೊತ್ತಿಗೆ ಈ ಇಳಿಗಾಳಿಯೇ ಮೇಲುಗೈ ಪಡೆದು ತಮ್ಮ ವಾಸನೆಯನ್ನು ನೇರವಾಗಿ ಜಿಂಕೆಗಳು ಮಲಗುವ ಕಡೆಗೆ ಒಯ್ಯುತ್ತದೆ. ಹೀಗಾಗಿ ಗಾಳಿ ಬಿದ್ದುಹೋದ ಸಂಜೆಗಳೂ ಈ ಜಾಗಕ್ಕೆ ಆಗಿಬರುವುದಿಲ್ಲ. ಇದನ್ನು ಪರೀಕ್ಷಿಸಲು ಅಲ್ಲಿನ ಬೇಟೆಗಾರರು ಮಿಲ್ಕ್‌ವೀಡ್ ಗಿಡದ ಬೀಜದ ರೇಷ್ಮೆಯಂಥ ಎಳೆಗಳನ್ನು ಗಾಳಿಗೆ ಬಿಡುತ್ತಾರೆ. ನಮ್ಮ ಎಕ್ಕದ ಹತ್ತಿಯಂತೆಯೇ ಇರುವ, ಅದೇ ಸಸ್ಯಕುಟುಂಬದ ಈ ಎಳೆ ಬಹುದೂರ ತೇಲುತ್ತಾ ಗಾಳಿ ಎಲ್ಲಿ ತಿರುಗುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದನ್ನು ಕಣ್ಣೆದುರಿಗೇ ತೋರಿಸುತ್ತದೆ. ಪುಡಿ ಊದುವ ಡಬ್ಬಿಗಿಂತ ಇದು ಮೇಲು. ಬ್ಲೈಂಡ್ ಹೂಡುವ ಮೊದಲೇ ಒಂದೆರಡು ಸಂಜೆ ಹೀಗೆ ನೋಡಿಬಿಡಿ.

ಆಗ್ನೇಯ ಮಗ್ಗುಲಿಗೆ ಇನ್ನೂ ಕೆಲವು ಅನುಕೂಲಗಳಿವೆ. ಬಾಣ ಬಿಡುವ ಕಿಟಕಿ ವಾಯವ್ಯಕ್ಕಿರುತ್ತದೆ. ನವೆಂಬರಿನಲ್ಲಿ ಸೂರ್ಯ ನೈಋತ್ಯದ ಕಡೆ ಮುಳುಗುವುದರಿಂದ ಸಂಜೆಯ ಬಿಸಿಲು ನೇರವಾಗಿ ಒಳನುಗ್ಗಿ ತಮ್ಮ ಮುಖವನ್ನು ಬೆಳಗುವುದಿಲ್ಲ. ಜಿಂಕೆ ತಮ್ಮ ಬಲಗಡೆಯಿಂದ ಎಡಕ್ಕೆ ಸಾಗುತ್ತದೆ, ಕುರ್ಚಿಯಲ್ಲಿ ಕುಳಿತ ಬಲಗೈ ಬಿಲ್ಲುಗಾರನಿಗೆ ಎಡಕ್ಕೆ ತಿರುಗಿ ಗುರಿಯಿಡುವುದು ಸುಲಭ. ಹಾದಿಗೆ ಎದುರಾಗಿ ಕುಳಿತರೆ ಜಿಂಕೆ ನೇರವಾಗಿ ತಮ್ಮನ್ನೇ ನೋಡುತ್ತಾ ಬರುತ್ತದೆ, ಎದುರಿನಿಂದ ಬಿಟ್ಟ ಬಾಣಕ್ಕೆ ಎದೆಮೂಳೆಗಳು ಅಡ್ಡವಾಗುತ್ತವೆ. ಪಕ್ಕದಲ್ಲಿ ಕುಳಿತರೆ ಅದರ ಮಗ್ಗುಲು ಸಿಗುತ್ತದೆ. ಜಿಂಕೆ ತಮ್ಮನ್ನು ತುಸು ದಾಟಿ, ಓರೆಯಾಗಿ ಮುಂದೆ ಸಾಗುವಾಗ ಬಾಣ ಬಿಡುವುದು ಇನ್ನೂ ಉತ್ತಮ: ಅದರ ಕಣ್ಣು ಆಚೆಗಿರುತ್ತದೆ, ಬಾಣ ಎರಡೂ ಶ್ವಾಸಕೋಶಗಳನ್ನು ದಾಟುವ ಸಾಧ್ಯತೆ ಹೆಚ್ಚು. ಕೊಂಬೆ ಸವರಿ ತೆರವು ಮಾಡುವಾಗ ಆ ಎಡಬದಿಯ ಜಾಗಕ್ಕೇ ಆದ್ಯತೆ ಕೊಡಿ. ಮರದ ಮೇಲಿನಿಂದ ಬಿಟ್ಟ ಬಾಣ ನೆಲಕ್ಕೆ ನಾಟುತ್ತದೆ, ನೆಲದಿಂದ ಬಿಟ್ಟದ್ದು ಮಟ್ಟಸವಾಗಿ ಮುಂದೆ ಹೋಗುತ್ತದೆ. ಆದ್ದರಿಂದ ಹಾದಿಯ ಆಚೆಗೆ ದಿಬ್ಬವಿದೆಯೇ, ಇಲ್ಲವೇ ಮನೆಯೋ ರಸ್ತೆಯೋ ಇದೆಯೇ ಎಂದು ನೋಡದೆ ಜಾಗ ನಿರ್ಧರಿಸಬೇಡಿ. ಜನವಾಸದ ಕಟ್ಟಡದಿಂದ 450 ಅಡಿಯೊಳಗೆ ಅದರ ಮಾಲೀಕರ ಒಪ್ಪಿಗೆಯಿಲ್ಲದೆ ಬೇಟೆಯಾಡುವಂತಿಲ್ಲವೆಂಬ ಮಿಷಿಗನ್‌ನ ನಿಯಮ ಬಿಲ್ಲಿಗೂ ಅನ್ವಯಿಸುತ್ತದೆ.

ಬ್ಲೈಂಡಿಗೆ ತಾವು ಹೋಗಿಬರುವ ದಾರಿಯನ್ನೂ ಇದರ ಜೊತೆಗೇ ತೀರ್ಮಾನಿಸಬೇಕು. ದಕ್ಷಿಣದ ಗಡಿಯಿಂದ ಬಂದರೆ ಜಿಂಕೆಯ ಹಾದಿಯನ್ನು ಎಲ್ಲಿಯೂ ತುಳಿಯಬೇಕಾಗುವುದಿಲ್ಲ. ಕತ್ತಲಾದ ಮೇಲೆ ಜಿಂಕೆಗಳು ಹೊಲದಲ್ಲಿ ಮೇಯುತ್ತಿರುವುದರಿಂದ, ಹೊಲದಂಚಿನಲ್ಲಿ ನಡೆಯದೆ ಆಗ್ನೇಯಕ್ಕೆ ಹಿಂದೆ ಸರಿದು ಹೊರಬನ್ನಿ.

ಇನ್ನು ಕಣ್ಣಿನ ವಿಷಯ. ಬಿಳಿಬಾಲದ ಜಿಂಕೆ ತಾನು ದಿನವೂ ಓಡಾಡುವ ಜಾಗದಲ್ಲಿ ಒಂದು ಹೊಸ ಗುಪ್ಪೆ ಎದ್ದರೂ ಗುರುತಿಸುತ್ತದೆ. ಆದ್ದರಿಂದ ಬಿಲ್ಲುಬೇಟೆಯ ಋತು ಆರಂಭವಾಗುವ ಅಕ್ಟೋಬರ್ 1ಕ್ಕೆ ಕೆಲವು ವಾರ ಮೊದಲೇ ಬ್ಲೈಂಡನ್ನು ಹೂಡಿ, ಬಿದ್ದ ಮರದ ಬೇರುಬುಡವನ್ನೋ ದಟ್ಟ ಪೊದೆಯನ್ನೋ ಅದರ ಬೆನ್ನಿಗೆ ಮಾಡಿ, ಅಲ್ಲಿಯದೇ ಕೊಂಬೆಗಳನ್ನು ಚಾವಣಿಯ ಮಟ್ಟಸ ಗೆರೆ ಮತ್ತು ಮೂಲೆಗಳು ಮುರಿಯುವಂತೆ ಸಿಕ್ಕಿಸಬೇಕು. ಋತುವಿನ ನಡುವೆಯೇ ಸ್ಥಳಾಂತರಿಸುವುದಾದರೆ ಹೂಡಿದ ಕೂಡಲೇ ಕೂರದೆ ಒಂದೆರಡು ವಾರ ಬಿಡಿ. ಓಕ್ ಎಲೆ ನವೆಂಬರ್ ಹೊತ್ತಿಗೆ ಒಣಗಿ ಉದುರುವುದರಿಂದ, ಸೆಪ್ಟೆಂಬರಿನಲ್ಲಿ ಹಸಿರಾಗಿ ಕಂಡ ಮರೆ ಮತ್ತೊಮ್ಮೆ ಕೊಂಬೆ ಕೇಳುತ್ತದೆ. ಬಟ್ಟೆ ಗಾಳಿಗೆ ಪಟಪಟ ಬಡಿದರೆ ಇಷ್ಟೆಲ್ಲ ಶ್ರಮ ವ್ಯರ್ಥ. ಹಗ್ಗಗಳನ್ನು ಬಿಗಿಯಾಗಿ ಗೂಟಕ್ಕೆ ಕಟ್ಟಿ. ಜೋಳದ ಕಾಳು ಚೆಲ್ಲಿ ಜಿಂಕೆಯನ್ನು ಹತ್ತಿರಕ್ಕೆ ಕರೆಯುವ ಯೋಚನೆ ಬೇಡ: ಜಿಂಕೆಗಳನ್ನು ಸೊರಗಿಸಿ ಕೊಲ್ಲುವ ‘ಕ್ರಾನಿಕ್ ವೇಸ್ಟಿಂಗ್ ಡಿಸೀಸ್’ ಎಂಬ ರೋಗ ಹರಡುವ ಭಯದಿಂದ ಲೋವರ್ ಪೆನಿನ್ಸುಲಾದಲ್ಲಿ 2019ರಿಂದ ಅದಕ್ಕೆ ನಿಷೇಧವಿದೆ. ನವೆಂಬರ್ 15ರಿಂದ 30ರವರೆಗಿನ ಬಂದೂಕು ಋತುವಿನಲ್ಲಿ ತಾವು ಬಿಲ್ಲು ಹಿಡಿದು ಕುಳಿತರೂ ಹೊಳೆಯುವ ಕಿತ್ತಳೆ ಉಡುಪು ಕಡ್ಡಾಯ. ಒಳಗಿರುವವರ ಉಡುಪು ಹೊರಗಿನವರಿಗೆ ಕಾಣದಾದ್ದರಿಂದ ಬ್ಲೈಂಡಿನ ಹೊರಗೂ ನಾಲ್ಕೂ ದಿಕ್ಕಿಗೆ ಕಾಣುವಂತೆ ಅದೇ ಬಣ್ಣದ ಬಟ್ಟೆ ಕಟ್ಟಿ. ಜಿಂಕೆಗೆ ಕಿತ್ತಳೆ ಬಣ್ಣ ನಮಗೆ ಕಂಡಂತೆ ಎದ್ದು ಕಾಣುವುದಿಲ್ಲ.

ಪ್ರಶ್ನೆ: ಪೆನ್ಸಿಲ್ವೇನಿಯಾದಲ್ಲಿರುವ ನಾನು ಎಲ್ಲ ಕಡೆ ಕಾಣಲೆಂದು ಬ್ಲೈಂಡಿನ ನಾಲ್ಕೂ ಕಿಟಕಿ ತೆರೆದಿಡುತ್ತೇನೆ. ಜಿಂಕೆ ನನ್ನನ್ನು ಗುರುತಿಸುತ್ತದೆ. ಒಮ್ಮೆ ಗುರಿ ಸರಿಯಿದ್ದರೂ ಬಾಣ ಕಿಟಕಿಯ ಅಂಚಿಗೆ ತಗುಲಿತು. ಏಕೆ?

ಉತ್ತರ: ಹಿಂದಿನ ಕಿಟಕಿಯ ಬೆಳಕಿನೆದುರು ತಮ್ಮ ತಲೆ ಮತ್ತು ಭುಜ ನೆರಳಿನ ಚಿತ್ರದಂತೆ ಕಾಣುತ್ತವೆ. ಬೆನ್ನಿನ ಕಡೆಯ ಕಿಟಕಿಗಳನ್ನು ಪೂರ್ತಿ ಮುಚ್ಚಿ, ಬಾಣ ಬಿಡುವ ಒಂದು ಕಿಟಕಿ ಮತ್ತು ಜಿಂಕೆ ಬರುವುದನ್ನು ನೋಡಲು ಒಂದು ಸಣ್ಣ ಸೀಳನ್ನು ಮಾತ್ರ ಉಳಿಸಿ. ಒಳಗಿನ ಬಟ್ಟೆ ಕಪ್ಪಗಿರುವುದರಿಂದ ಎಲೆಚಿತ್ರದ ಉಡುಪಿಗಿಂತ ಕಪ್ಪು ಉಡುಪೇ ಸೂಕ್ತ. ಮುಖ ಮತ್ತು ಕೈಗಳೂ ಮುಚ್ಚಿರಲಿ. ಬಟ್ಟೆಗೆ ಹೊಳಪು ಕೊಡುವ ಸಾಬೂನು ಪುಡಿಯಲ್ಲಿ ಒಗೆಯಬೇಡಿ, ಏಕೆಂದರೆ ಜಿಂಕೆಯ ಕಣ್ಣು ನೀಲಿ ಮತ್ತು ಅತಿನೇರಳೆ ಬೆಳಕನ್ನು ನಮಗಿಂತ ಚೆನ್ನಾಗಿ ಗ್ರಹಿಸುತ್ತದೆ.

ಬಾಣ ಅಂಚಿಗೆ ತಗುಲಿದ್ದಕ್ಕೆ ಕಾರಣ ಸರಳ. ಬಿಲ್ಲಿನ ಗುರಿಸೂಜಿ ಬಾಣಕ್ಕಿಂತ ಕೆಲವು ಅಂಗುಲ ಮೇಲಿರುತ್ತದೆ. ಕಣ್ಣಿನ ದಾರಿ ಕಿಟಕಿಯ ಕೆಳಗಿನ ಅಂಚನ್ನು ದಾಟಿದ್ದರೂ ಬಾಣದ ದಾರಿ ದಾಟಿರುವುದಿಲ್ಲ. ಕುರ್ಚಿಯ ಎತ್ತರವನ್ನು ಇದಕ್ಕೆ ತಕ್ಕಂತೆ ಹೊಂದಿಸಿ, ಕಿಟಕಿಯಿಂದ ಒಂದಿಷ್ಟು ಹಿಂದೆ ಕುಳಿತು, ಹೆದೆ ಎಳೆದಾಗ ಬಿಲ್ಲಿನ ತುದಿ ಚಾವಣಿಗೂ ಮೊಣಕೈ ಹಿಂಗೋಡೆಗೂ ತಾಗದಿರುವುದನ್ನು ಮೊದಲೇ ನೋಡಿಕೊಳ್ಳಬೇಕು. ಹಿತ್ತಲಿನಲ್ಲಿ ನಿಂತು ಮಾಡಿದ ಅಭ್ಯಾಸ ಇಲ್ಲಿ ಅಷ್ಟಾಗಿ ನೆರವಾಗದು. ಅದೇ ಬ್ಲೈಂಡಿನೊಳಗೆ, ಅದೇ ಕುರ್ಚಿಯಲ್ಲಿ, ಅದೇ ಉಡುಪಿನಲ್ಲಿ ಅಭ್ಯಾಸ ಮಾಡಿ. ಕಿಟಕಿಗೆ ಜಾಲರಿಯಿದ್ದು ಅದರ ಮೂಲಕವೇ ಬಾಣ ಬಿಡುವುದಾದರೆ, ಅದಕ್ಕೆಂದೇ ತಯಾರಿಸಿದ ಜಾಲರಿಯೂ ಅಲಗು ಸ್ಥಿರವಾಗಿರುವ ಬಾಣದ ಮೊನೆಯೂ ಬೇಕು; ಹೊಡೆತಕ್ಕೆ ಬಿಚ್ಚಿಕೊಳ್ಳುವ ಮೊನೆ ಜಾಲರಿಗೆ ತಗುಲಿಯೇ ಬಿಚ್ಚಿಕೊಂಡು ದಿಕ್ಕು ತಪ್ಪಬಹುದು.

ಪ್ರಶ್ನೆ: ಮಲೆನಾಡಿನ ನಮ್ಮ ತೋಟಕ್ಕೆ ಜಿಂಕೆ, ಕಡವೆಗಳು ಬರುತ್ತವೆ. ಇಂಥ ಬ್ಲೈಂಡನ್ನು ಇಲ್ಲಿ ಬಳಸಬಹುದೇ?

ಉತ್ತರ: ಬೇಟೆಗೆ ಖಂಡಿತ ಬಳಸುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅವುಗಳ ಬೇಟೆ ಸ್ವಂತ ಜಮೀನಿನಲ್ಲಿಯೂ ಅಪರಾಧ, ಆಯುಧ ಬಿಲ್ಲಾದರೂ ಕೋವಿಯಾದರೂ ಅಷ್ಟೇ. ತಮ್ಮದೇ ತೋಟದಲ್ಲಿ ಕುಳಿತು ಛಾಯಾಚಿತ್ರ ತೆಗೆಯುವುದಾದರೆ ಗಾಳಿ ಮತ್ತು ಬಿಸಿಲಿನ ಕುರಿತು ಮೇಲೆ ಹೇಳಿದ್ದೆಲ್ಲ ಅನ್ವಯಿಸುತ್ತದೆ. ಆದರೆ ಆನೆ ಓಡಾಡುವ ತೋಟವಾದರೆ ನೆಲದ ಮೇಲಿನ ಬಟ್ಟೆಯ ಮರೆಯಲ್ಲಿ ಕೂರುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಮನೆಯ ಜಗುಲಿಯಿಂದಲೇ ಉದ್ದನೆಯ ಲೆನ್ಸ್ ಬಳಸಿ.