ಬೆಟಗೇರಿ ಅಕ್ಕಾರ ಪ್ರಶ್ನೆಗೆ: ಹುಣ್ಣಿಮೆ ರಾತ್ರಿ ಹುಬ್ಬಳ್ಳಿ–ಲಕ್ಕುಂಡಿ ಸೈಕಲ್ ಸವಾರಿ

ಅಕ್ಕಾರ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿನೇ ಓದಿದೆ. ಎರಡು ಸಾಲಿನಲ್ಲಿ ಮುಗಿಸುವಂಥದ್ದಲ್ಲ ಅಂತ ಈಗ ಬಿಡುವು ಮಾಡಿಕೊಂಡು ಬರೀತಿದ್ದೇನೆ. ಬನದ ಹುಣ್ಣಿಮೆ ರಾತ್ರಿ ಹುಬ್ಬಳ್ಳಿಯಿಂದ ಗದಗ ದಾಟಿ ಲಕ್ಕುಂಡಿಗೆ ಹೋಗಿ ಬರುವ ಗುಂಪಿಗೆ ಹೆಸರು ಕೊಡಲೋ ಬೇಡವೋ, ರವಿವಾರ ಮುಂಜಾನೆ 40 ಕಿ.ಮೀ. ತುಳಿಯುವವಳು 140 ತುಳಿಯಬಲ್ಲೆನೇ, ಲೈಟು ಎಂಥದ್ದು, ನಿದ್ದೆ ಬಂದರೆ ಏನು ಮಾಡೋದು, ಮನೆಯವರಿಗೆ ಏನು ಹೇಳೋದು ಅಂತ ಕೇಳಿದ್ದೀರಿ. ಕೊನೆಗೆ ‘ಹೆಣ್ಮಕ್ಕಳಿಗೆ ತೊಂದರೆ ಆಗಂಗಿಲ್ಲೇನ್ರಿ’ ಅಂತ ಒಂದು ಸಾಲು. ಅದಕ್ಕೂ ಬರುತ್ತೇನೆ.

ಹೆಸರು ಕೊಡ್ರಿ. ಆದರೆ ಮೊದಲ ಸಲ 140 ಬೇಡ, 82 ಸಾಕು. ಲೆಕ್ಕ ಸರಳ: ಹುಬ್ಬಳ್ಳಿಯಿಂದ ಗದಗ ಹತ್ತಿರ ಹತ್ತಿರ 58, ಅಲ್ಲಿಂದ ಲಕ್ಕುಂಡಿ 12, ಮತ್ತೆ ಗದಗಕ್ಕೆ 12. ದಾರಿ ಗದಗಕ್ಕೆ ಅಂಟಿಕೊಂಡ ನಿಮ್ಮೂರಿನ ಮೇಲೇ ಹಾಯ್ದು ಹೋಗುತ್ತದೆ. ಗುಂಪು ಹುಬ್ಬಳ್ಳಿ ಕಡೆ ತಿರುಗುವ ಹೊತ್ತಿಗೆ ನೀವು ಬೆಟಗೇರಿ ಮನೆಯಲ್ಲಿ ಚಹಾ ಕುಡಿಯುತ್ತಿರಬಹುದು. ಇಂಥ ಅನುಕೂಲ ಹುಬ್ಬಳ್ಳಿಯವರಾದ ನಮಗಿಲ್ಲ. ಇದನ್ನು ಮನೆಯಲ್ಲೇ, ಹಗಲು ಹೊತ್ತಿನಲ್ಲೇ ತೀರ್ಮಾನ ಮಾಡಿಕೊಂಡು ಬರ್ರಿ, ಗುಂಪಿನ ಮುಂದಾಳಿಗೂ ಮೊದಲೇ ಹೇಳಿಡ್ರಿ. ನಸುಕಿನ ಐದಕ್ಕೆ ಗದಗಿನಲ್ಲಿ ನಿಂತು ‘ಇನ್ನೂ ಶಕ್ತಿ ಐತಿ, ಹುಬ್ಬಳ್ಳಿಗೂ ಹೋಗೇಬಿಡೋಣ’ ಅಂತ ಅನ್ನಿಸಿದರೆ ಆ ಮಾತು ನಂಬಬೇಡ್ರಿ. ರಾತ್ರಿಯೆಲ್ಲ ಎದ್ದ ತಲೆ ತನ್ನ ದಣಿವು ತಾನೇ ಅಳೆಯಲಾರದು.

ಕಾಲಿನ ಬಗ್ಗೆ ನನಗೆ ಚಿಂತೆ ಇಲ್ಲ. 40 ಕಿ.ಮೀ. ಆರಾಮಾಗಿ ತುಳಿದು, ಮರುದಿನ ಶಾಲೆಗೆ ಹೋಗಿ ದಿನವಿಡೀ ನಿಂತು ಪಾಠ ಮಾಡುವವರು ತಾಸಿಗೆ 16ರ ಹದದಲ್ಲಿ 80 ಕಿ.ಮೀ. ಖಂಡಿತ ತುಳಿಯುತ್ತಾರೆ. ಬರುವ ರವಿವಾರಗಳಲ್ಲಿ ಒಮ್ಮೆ 55–60 ಮಾಡಿ ನೋಡ್ರಿ. ಅದರಲ್ಲಿ ಒಂದು ಸಲ ಕತ್ತಲಲ್ಲೇ ನಾಲ್ಕಕ್ಕೆ ಹೊರಟು, ರಾತ್ರಿ ಹಚ್ಚುವ ಅದೇ ಲೈಟಿನಲ್ಲಿ, ತೊಡುವ ಅದೇ ಬಟ್ಟೆಯಲ್ಲಿ ಹೋಗ್ರಿ, ಒಬ್ಬರೇ ಬೇಡ. ರಾತ್ರಿ ಸವಾರಿಯಲ್ಲಿ ಸೋಲುವುದು ಕಾಲಲ್ಲ ಅಕ್ಕಾರ. ಕಣ್ಣು, ನಿದ್ದೆ, ಹೊಟ್ಟೆ, ಈ ಮೂರು. ಹಾಗಾಗಿ ಇವುಗಳ ಬಗ್ಗೆಯೇ ಹೆಚ್ಚು ಹೇಳುತ್ತೇನೆ.

ಮೊದಲು ಬೆಳಕು. ಜನವರಿಯಲ್ಲಿ ನಮ್ಮ ಕಡೆ ಸಂಜೆ ಆರೂವರೆ ಒಳಗೇ ಹೊತ್ತು ಮುಳುಗುತ್ತದೆ, ಮುಂಜಾನೆ ಏಳರ ಹತ್ತಿರ ಸೂರ್ಯ ಕಾಣುತ್ತಾನೆ. ಒಂಬತ್ತೂವರೆಗೆ ಹೊರಟರೂ ಎಂಟು ತಾಸಿನ ಮೇಲೆ ಕತ್ತಲು. ಡಬ್ಬಿ ಮೇಲೆ 800 ಲುಮೆನ್ (ಬೆಳಕಿನ ಅಳತೆ) ಅಂತ ದೊಡ್ಡದಾಗಿ ಬರೆದ ಲೈಟು ಪೂರ್ತಿ ಬೆಳಕಿನಲ್ಲಿ ಸಾಮಾನ್ಯವಾಗಿ ಎರಡು ತಾಸೂ ಬಾಳುವುದಿಲ್ಲ. ನೀವು ನೋಡಬೇಕಾದ್ದು ನಡುವಿನ ಹಂತದಲ್ಲಿ, ಅಂದರೆ 300–400 ಲುಮೆನ್ ಬೆಳಕಿನಲ್ಲಿ, ಎಷ್ಟು ತಾಸು ಉರಿಯುತ್ತದೆ ಅನ್ನುವುದನ್ನು. ಇನ್ನೊಂದು ವಿಷಯ ಅಂಗಡಿಯಲ್ಲೇ ಪರೀಕ್ಷೆ ಮಾಡ್ರಿ: ಪವರ್ ಬ್ಯಾಂಕಿನ ವೈರು ಸಿಗಿಸಿದಾಗ ಲೈಟು ಉರಿಯುತ್ತಲೇ ಇರುತ್ತದೋ, ಆರಿಹೋಗುತ್ತದೋ? ಕೆಲವು ಚಾರ್ಜಿಗೆ ಹಾಕಿದ ಕೂಡಲೇ ಆರುತ್ತವೆ, ಅಂಥದ್ದು ರಾತ್ರಿ ಸವಾರಿಗೆ ಉಪಯೋಗವಿಲ್ಲ. ಹಿಂದಿನ ಕೆಂಪು ಲೈಟು ಎರಡಿರಲಿ, ಒಂದು ಆರಿದರೆ ನಿಮಗೆ ಗೊತ್ತೇ ಆಗುವುದಿಲ್ಲ. ಗುಂಪಿನಲ್ಲಿ ಅದನ್ನು ಮಿಣುಕಿಸಬೇಡ್ರಿ, ಸ್ಥಿರವಾಗಿ ಉರಿಯಲಿ, ಸ್ವಲ್ಪ ನೆಲದ ಕಡೆ ಬಾಗಿರಲಿ. ತಾಸುಗಟ್ಟಲೆ ಮಿಣುಕುವ ಕೆಂಪು ನೋಡುತ್ತ ಹಿಂದೆ ಬರುವವರ ಕಣ್ಣು ದಣಿದುಹೋಗುತ್ತದೆ. ಹೊಳೆಯುವ ಪಟ್ಟಿಯ ಜಾಕೀಟು ಬೇಕೇ ಬೇಕು. ಬೆನ್ನಿಗೆ ಚೀಲ ಹಾಕುವುದಾದರೆ ಜಾಕೀಟು ಚೀಲದ ಮೇಲೆ ಬರಬೇಕು, ಒಳಗಲ್ಲ.

ಹುಣ್ಣಿಮೆ ಅಂತ ಬೆಳದಿಂಗಳನ್ನು ನಂಬಬೇಡ್ರಿ. ಚೆಲುವು ಬೇರೆ, ರಸ್ತೆ ಕಾಣುವುದು ಬೇರೆ. ಬೆಳದಿಂಗಳಲ್ಲಿ ಮರದ ನೆರಳು ಗುಂಡಿಯ ಹಾಗೆ ಕಾಣುತ್ತದೆ, ನಿಜವಾದ ಗುಂಡಿ ನೆರಳಿನ ಹಾಗೆ ಕಾಣುತ್ತದೆ. ಇನ್ನು ನಮ್ಮ ಸೀಮೆಯಲ್ಲಿ ಕಾಣುವ ಒಂದು ಅಪಾಯ: ರೈತರು ಗೋವಿನಜೋಳ, ತೊಗರಿ ರಾಶಿಯನ್ನು ಸರ್ವಿಸ್ ರಸ್ತೆಯಲ್ಲಿ, ಹೆದ್ದಾರಿಯ ಎಡ ಅಂಚಿನಲ್ಲಿ ಒಣಗಲು ಹಾಕಿ, ಗಾಡಿ ಹಾಯದಿರಲಿ ಅಂತ ಸುತ್ತಲೂ ತಲೆಗಾತ್ರದ ಕಲ್ಲು ಇಟ್ಟಿರುತ್ತಾರೆ. ರಾಶಿ ಎತ್ತಿಕೊಂಡು ಹೋದ ಮೇಲೂ ಕಲ್ಲುಗಳ ಸಾಲು ಅಲ್ಲೇ ಇರುತ್ತದೆ. ಕರಿ ಡಾಂಬರಿನ ಮೇಲೆ ಕರಿ ಕಲ್ಲು, ಹತ್ತು ಮಾರು ಹತ್ತಿರ ಬರುವವರೆಗೂ ಕಾಣುವುದಿಲ್ಲ. ಆದ್ದರಿಂದ ಅಂಚಿಗೆ ಅಂಟಿಕೊಂಡು ಹೋಗಬೇಡ್ರಿ. ಬಿಳಿ ಪಟ್ಟಿಯ ಎಡಕ್ಕೆ, ಪಟ್ಟಿಯಿಂದ ಒಂದು ಮೊಳ ದೂರದಲ್ಲಿ ಗಾಲಿ ಓಡಲಿ. ಧಾಬಾಗಳ ಮುಂದೆ ಲೈಟು ಆರಿಸಿ ನಿಲ್ಲಿಸಿದ ಲಾರಿ, ಹಿಂದೆ ಕೆಂಪು ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್, ಎದುರಿನಿಂದ ತಪ್ಪು ದಿಕ್ಕಿನಲ್ಲಿ ಬರುವ ಬೈಕು, ಇವೂ ಅಂಚಿನಲ್ಲೇ ಸಿಗುತ್ತವೆ. ಊರು ಹೊಕ್ಕರೆ ಬಣ್ಣ ಹೊಡೆಯದ ಹಂಪುಗಳೂ ಇರುತ್ತವೆ.

ಗುಂಪಿನಲ್ಲಿ ತುಳಿಯುವುದನ್ನು ನೀವು ಮೊದಲು ಕಲಿಯಬೇಕು. ರಾತ್ರಿ ಹೆದ್ದಾರಿಯಲ್ಲಿ ಒಂದೇ ಸಾಲು, ಜೋಡಿಯಾಗಿ ಮಾತಾಡುತ್ತ ಹೋಗುವುದಿಲ್ಲ. ನಿಮ್ಮ ಮುಂದಿನ ಗಾಲಿ ಮುಂದಿನವರ ಹಿಂದಿನ ಗಾಲಿಗೆ ಎಂದೂ ಪಕ್ಕಕ್ಕೆ ಬರಬಾರದು. ಅವರು ಒಂದು ಗೇಣು ಸರಿದರೂ ಬೀಳುವುದು ನೀವು, ಅವರಲ್ಲ. ಹಗಲು ಹತ್ತಿರ ಹೋದರೆ ಗಾಳಿಯ ಮರೆ ಸಿಗುತ್ತದೆ ಅನ್ನುವುದು ನಿಜ, ಆದರೆ ರಾತ್ರಿ ಎರಡು ಸೈಕಲ್ಲಿನಷ್ಟು ಅಂತರ ಬಿಡ್ರಿ. ಮುಂದಿನವರು ‘ಗುಂಡಿ’, ‘ಹಂಪ್’, ‘ಕಲ್ಲು’ ಅಂತ ಕೂಗಿದರೆ ನೀವೂ ಕೂಗಿ ಹಿಂದಕ್ಕೆ ದಾಟಿಸ್ರಿ, ನಾಚಿಕೆ ಬೇಡ. ಕೈ ಸನ್ನೆ ಕತ್ತಲಲ್ಲಿ ಯಾರಿಗೂ ಕಾಣುವುದಿಲ್ಲ. ಕೊನೆಯಲ್ಲಿ ಬರುವವರು ಅನುಭವಸ್ಥರೇ ಆಗಿರಬೇಕು, ಅವರ ಹಿಂದೆ ಯಾರೂ ಉಳಿಯಬಾರದು. ಪ್ರತಿ ನಿಲುಗಡೆಯಲ್ಲಿ ತಲೆ ಎಣಿಸಿಯೇ ಹೊರಡುವ ಗುಂಪಿಗೆ ಮಾತ್ರ ಹೋಗ್ರಿ. ಎಣಿಸುವುದಿಲ್ಲ, ‘ಹಿಂದಿನಿಂದ ಬರ್ತಾರ ಬಿಡ್ರಿ’ ಅನ್ನುವ ಗುಂಪಾದರೆ ಎಷ್ಟೇ ಪರಿಚಯದವರಿದ್ದರೂ ಹೋಗಬೇಡ್ರಿ. ಈ ವಿಷಯದಲ್ಲಿ ನಾನು ಮುಲಾಜು ನೋಡುವುದಿಲ್ಲ.

ನಿದ್ದೆಗೆ ಬರೋಣ. ಮೈಯ ಗಡಿಯಾರ ನಸುಕಿನ ಮೂರರಿಂದ ಐದರವರೆಗೆ ತೀರಾ ಇಳಿದಿರುತ್ತದೆ, ಮೈ ಬಿಸಿಯೂ ಆಗಲೇ ಕಡಿಮೆ. ನಿಮ್ಮ ಲೆಕ್ಕದಲ್ಲಿ ಅದು ಲಕ್ಕುಂಡಿಯ ಹೊತ್ತು. ಹಿಂದಿನ ಎರಡು ರಾತ್ರಿ ಪೂರ್ತಿ ಮಲಗ್ರಿ, ಆ ದಿನ ಮಧ್ಯಾಹ್ನ ಉಂಡು ಎರಡು ತಾಸು ಕಣ್ಣು ಮುಚ್ಚಲೇಬೇಕು. ಶನಿವಾರ ಮುಂಜಾನೆ ಶಾಲೆ ಮುಗಿಸಿ ನೇರ ಹುಬ್ಬಳ್ಳಿಗೆ ಬರುವ ವಿಚಾರವಿದ್ದರೆ ಈಗಲೇ ಬಿಡ್ರಿ. ದಾರಿಯಲ್ಲಿ ನಿದ್ದೆ ಹತ್ತುವುದಕ್ಕೆ ಗುರುತುಗಳಿವೆ: ಮೇಲಿಂದ ಮೇಲೆ ಆಕಳಿಕೆ, ಸಾಲು ಬಿಟ್ಟು ಗಾಲಿ ಆಚೀಚೆ ಹೋಗುವುದು, ಮುಂದಿನವರ ಕೂಗಿಗೆ ತಡವಾಗಿ ಓಗೊಡುವುದು, ಹಿಂದಿನ ಎರಡು ಕಿಲೋಮೀಟರು ಹೇಗೆ ಬಂದೆವು ಅಂತ ನೆನಪಾಗದಿರುವುದು. ಇದರಲ್ಲಿ ಒಂದು ಕಂಡರೂ ಗಟ್ಟಿಯಾಗಿ ‘ನಿದ್ದಿ ಬಂತು, ನಿಲ್ಲಸ್ರಿ’ ಅನ್ರಿ. ಮುಖಕ್ಕೆ ನೀರು, ಹಾಡು, ಹರಟೆ ಇವೆಲ್ಲ ಹತ್ತು ನಿಮಿಷದ ಉಪಾಯ. ನಿಜವಾದ ಮದ್ದು ನಿದ್ದೆಯೇ. ಒಂದು ಕಪ್ ಖಡಕ್ ಚಹಾ ಅಥವಾ ಕಾಫಿ ಕುಡಿದು ಕೂಡಲೇ 20 ನಿಮಿಷ ಮಲಗ್ರಿ. ಅದು ಮೈಗೆ ಹತ್ತಲು ಅರ್ಧ ತಾಸಿನಷ್ಟು ಬೇಕು, ಏಳುವ ಹೊತ್ತಿಗೆ ಎರಡೂ ಕೂಡಿ ಕೆಲಸ ಮಾಡುತ್ತವೆ. ಅದಕ್ಕಿಂತ ಬಹಳ ಮಲಗಿದರೆ ಮಂಕು ಹಿಡಿಯುತ್ತದೆ.

ನಿಂತಾಗಲೇ ಚಳಿ ಹೊಡೆಯುವುದು. ತುಳಿಯುವಾಗ ಬೆವರು, ನಿಂತ ಐದೇ ನಿಮಿಷಕ್ಕೆ ಬೆನ್ನು ತಣ್ಣಗೆ. ಎರೆಹೊಲದ ಬಯಲಿನಲ್ಲಿ ತಡೆಯೂ ಇಲ್ಲ. ತೆಳುವಾದ ಗಾಳಿತಡೆ ಜಾಕೀಟು ತರ್ರಿ, ನಿಂತ ಕೂಡಲೇ ಹಾಕ್ರಿ. ಜಾಕೀಟಿನ ಒಳಗೆ ಎದೆಗೆ ಒಂದು ದಿನಪತ್ರಿಕೆ ಮಡಚಿ ಇಟ್ಟುಕೊಂಡರೆ ಆಶ್ಚರ್ಯವಾಗುವಷ್ಟು ಬೆಚ್ಚಗೆ. ಈ ಕಾಲದಲ್ಲಿ ಗಾಳಿ ಮೂಡಣದಿಂದ ಬೀಸುತ್ತದೆ, ಅಂದರೆ ಗದಗಕ್ಕೆ ಹೋಗುವಾಗ ಎದುರು. ರಾತ್ರಿ ಜೋರಿರುವುದಿಲ್ಲ, ಆದರೂ ಅಣ್ಣಿಗೇರಿ ದಾಟುವವರೆಗೆ ‘ಯಾಕೋ ಸೈಕಲ್ ಏಳವಲ್ದು’ ಅನ್ನಿಸಿದರೆ ಅದು ಗಾಳಿ, ನಿಮ್ಮ ಕಾಲಲ್ಲ. ಗೇರು ಇಳಿಸಿ ಹಗುರ ತುಳೀರಿ.

ಊಟ. ಹೊರಡುವ ಎರಡು ತಾಸು ಮೊದಲು ಅನ್ನ-ಸಾರು ಇಲ್ಲವೇ ಮೆತ್ತನ್ನ ರೊಟ್ಟಿ ಉಣ್ರಿ, ಹೊಟ್ಟೆ ಬಿರಿಯುವಷ್ಟಲ್ಲ. ದಾರಿಯಲ್ಲಿ ಹಸಿವೆ ಆಗುವವರೆಗೆ ಕಾಯಬಾರದು, ಪ್ರತಿ ತಾಸಿಗೆ ಏನಾದರೂ ಬಾಯಿಗೆ ಬೀಳಬೇಕು. ಇಂಥ ಹದದ ತುಳಿತಕ್ಕೆ ತಾಸಿಗೆ 30ರಿಂದ 60 ಗ್ರಾಂ ಪಿಷ್ಟ-ಸಕ್ಕರೆ ಬೇಕಾಗುತ್ತದೆ. ಒಂದು ಮಧ್ಯಮ ಬಾಳೆಹಣ್ಣಿನಲ್ಲಿ 25ರ ಆಸುಪಾಸು ಇರುತ್ತದೆ. ಪೇಟೆಯ ಎನರ್ಜಿ ಜೆಲ್‌ಗಿಂತ ನಮ್ಮ ಶೇಂಗಾ ಹೋಳಿಗೆಯನ್ನೇ ನಾನು ನೆಚ್ಚುತ್ತೇನೆ. ಬೆಲ್ಲ, ಶೇಂಗಾ, ಕೆಡುವುದಿಲ್ಲ, ಕಿಸೆಯಲ್ಲಿ ಒಡೆಯುವುದಿಲ್ಲ, ನಾಲ್ಕು ತುಂಡು ಮಾಡಿ ಇಟ್ಟುಕೊಂಡರೆ ಒಂದು ಕೈಯಲ್ಲೇ ತಿನ್ನಬಹುದು. ಸಂಕ್ರಾಂತಿ ಸುತ್ತಮುತ್ತ ಮನೆಯಲ್ಲಿ ಹೇಗೂ ಮಾಡಿರುತ್ತೀರಿ. ಮಿರ್ಚಿ ಭಜಿ ಮಾತ್ರ ಬೇಡ, ಎಷ್ಟೇ ಬಿಸಿ ಇರಲಿ. ರಾತ್ರಿ ಎರಡಕ್ಕೆ ಎದೆ ಉರಿಯುತ್ತದೆ. ಚಳಿಯಲ್ಲಿ ನೀರಡಿಕೆ ಗೊತ್ತಾಗುವುದಿಲ್ಲ, ತಾಸಿಗೆ ಅರ್ಧ ಲೀಟರಿನಷ್ಟು ಗುಟುಕು ಗುಟುಕಾಗಿ ಕುಡೀರಿ. ಒಂದು ಬಾಟಲಿಯಲ್ಲಿ ಓಆರ್‌ಎಸ್ ಇರಲಿ.

ಈಗ ಹೆಣ್ಮಕ್ಕಳ ಮಾತು. ನೀರು ಕುಡಿದರೆ ಎಲ್ಲಿ ಹೋಗೋದು ಅಂತ ಹೆದರಿ ಎಷ್ಟೋ ಅಕ್ಕತಂಗಿಯರು ಕುಡಿಯುವುದನ್ನೇ ಬಿಡುತ್ತಾರೆ, ಅದು ದೊಡ್ಡ ತಪ್ಪು. ದಾರಿಯಲ್ಲಿ ರಾತ್ರಿ ತೆರೆದ ಪೆಟ್ರೋಲ್ ಬಂಕುಗಳಿರುತ್ತವೆ, ಗದಗ ಬಸ್ ಸ್ಟ್ಯಾಂಡ್ ಇದೆ. ನಿಲುಗಡೆಗಳನ್ನು ಶೌಚಾಲಯ ಇರುವಲ್ಲೇ ಇಡ್ರಿ ಅಂತ ಮುಂದಾಳಿಗೆ ಹೊರಡುವ ಮೊದಲೇ ಹೇಳ್ರಿ, ನಾನೂ ಹಾಗೇ ಹೇಳುತ್ತೇನೆ, ಯಾರೂ ಬೇಡ ಅಂದಿಲ್ಲ. ಗುಂಪಿನಲ್ಲಿ ಕನಿಷ್ಠ ಇನ್ನೊಬ್ಬ ಹೆಣ್ಮಗಳು ಇರಲಿ, ಇಬ್ಬರೂ ಕೂಡಿಯೇ ಹೋಗಿ ಬರ್ರಿ. ಪ್ಯಾಡಿನ ಸೈಕಲ್ ಚಡ್ಡಿ ತಗೊಳ್ರಿ, ಅದರ ಒಳಗೆ ಬೇರೆ ಒಳಉಡುಪು ಬೇಡ, ಹೊಲಿಗೆಯೇ ತೊಡೆ ತರಚುವುದು. ಮೇಲೆ ಸಡಿಲ ಪ್ಯಾಂಟು ಹಾಕಿದರೆ ಬಲಗಾಲಿನ ತುದಿಗೆ ಪಟ್ಟಿ ಕಟ್ರಿ, ಚೈನಿಗೆ ಸಿಕ್ಕೀತು. ಓಡ್ನಿ ಮನೆಯಲ್ಲೇ ಇರಲಿ.

ಪಂಕ್ಚರ್ ವಿಷಯ ಚಿಕ್ಕದಾಗಿ ಹೇಳಬೇಕೆಂದಿದ್ದೆ, ಆದರೆ ನಮ್ಮ ದಾರಿಗೆ ಬಳ್ಳಾರಿ ಜಾಲಿ ಇದೆಯಲ್ಲ. ಅದರ ಮುಳ್ಳು ಟೈರಿನೊಳಗೆ ಮುರಿದು ಕೂತಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಹೊಸ ಟ್ಯೂಬು ಹಾಕಿ ಗಾಳಿ ತುಂಬಿದ ಹತ್ತು ನಿಮಿಷಕ್ಕೆ ಮತ್ತೆ ಫುಸ್. ಅದಕ್ಕೆ ಟ್ಯೂಬು ಹಾಕುವ ಮೊದಲು ಒಂದು ತೆಳುವಾದ ಬಟ್ಟೆಯನ್ನು ಟೈರಿನ ಒಳಗೆ ಸುತ್ತಲೂ ಎಳೀರಿ. ಮುಳ್ಳಿದ್ದಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೆ, ಅಲ್ಲಿ ಕಿತ್ತು ತೆಗೀರಿ. ಬೆರಳಿನಿಂದ ಹುಡುಕಿದರೆ ಬೆರಳು ಹೋಗುತ್ತದೆ. ಎರಡು ಟ್ಯೂಬು, ಟೈರು ಬಿಚ್ಚುವ ಪ್ಲಾಸ್ಟಿಕ್ ಪಟ್ಟಿ, ಸಣ್ಣ ಪಂಪು ನಿಮ್ಮ ಹತ್ತಿರವೇ ಇರಲಿ, ಹಿಂದಿನ ಗಾಲಿ ಬಿಚ್ಚಿ ಹಾಕುವುದನ್ನು ಮನೆಯಲ್ಲಿ ಒಮ್ಮೆ ರೂಢಿ ಮಾಡ್ರಿ. ಗುಂಪಿನವರು ನೆರವಾಗುತ್ತಾರೆ ನಿಜ, ಆದರೆ ನಿಮ್ಮ ಗಾಲಿಯ ಅಳತೆಯ ಟ್ಯೂಬು ಅವರ ಹತ್ತಿರ ಇರಲೇಬೇಕೆಂದಿಲ್ಲ.

ನಾಯಿ ಬೆನ್ನು ಹತ್ತಿದರೆ ಜೋರು ತುಳಿಯಬೇಡ್ರಿ, ನಿಧಾನ ಮಾಡಿ ಗಟ್ಟಿ ಗದರಿಸ್ರಿ. ಬಿಡದಿದ್ದರೆ ಇಳಿದು ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೀರಿ.

ಮನೆಯವರಿಗೆ ಇಷ್ಟು ಕೊಡ್ರಿ: ಮುಂದಾಳಿನ ನಂಬರು, ನಿಲುಗಡೆಗಳ ಪಟ್ಟಿ, ಮೊಬೈಲಿನ ಲೈವ್ ಲೊಕೇಶನ್. ರಕ್ತದ ಗುಂಪು, ಮನೆಯ ನಂಬರು ಬರೆದ ಚೀಟಿ ಕಿಸೆಯಲ್ಲಿರಲಿ. ತುರ್ತಿಗೆ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯ ಸಹಾಯಕ್ಕೆ 1033. ಯಜಮಾನರು ಕಾರಿನಲ್ಲಿ ಹಿಂದೆ ಬರುತ್ತೇನೆ ಅಂದಿದ್ದಾರೆ ಅಂತ ಬರೆದಿದ್ದೀರಿ. ಅವರ ಕಾಳಜಿಗೆ ಕೈಮುಗಿಯುತ್ತೇನೆ, ಆದರೆ ಹೆದ್ದಾರಿಯಲ್ಲಿ ತಾಸಿಗೆ 16ರ ವೇಗದಲ್ಲಿ ಕಾರು ಹಿಂದೆ ಹಿಂದೆ ಬಂದರೆ ಅದಕ್ಕೇ ಲಾರಿ ಗುದ್ದುವ ಭಯ. ಅಣ್ಣಿಗೇರಿಗೆ ಮುಂದೆ ಹೋಗಿ ಕಾಯಲಿ, ಆಮೇಲೆ ಹುಲಕೋಟಿಗೆ. ಹೊರಡುವ ದಿನ ಸಂಜೆ ನಿಮ್ಮನ್ನೂ ಸೈಕಲ್ಲನ್ನೂ ಅದೇ ಕಾರಿನಲ್ಲಿ ಹುಬ್ಬಳ್ಳಿಗೆ ತರಬಹುದು. ಎರಡೂ ಗಾಲಿ ಬಿಚ್ಚಿದರೆ ಹಿಂದಿನ ಸೀಟಿನಲ್ಲಿ ಹಿಡಿಸುತ್ತದೆ, ಚೈನಿಗೆ ಹಳೆ ಬೆಡ್‌ಶೀಟು ಸುತ್ತ್ರಿ. ಅವರೂ ರಾತ್ರಿಯೆಲ್ಲ ಎದ್ದಿರುತ್ತಾರೆ ಅನ್ನುವುದು ನೆನಪಿರಲಿ, ಮಧ್ಯಾಹ್ನದ ನಿದ್ದೆ ಅವರಿಗೂ ಆಗಬೇಕು.

ಕೆಳಗೆ ತಮ್ಮನೊಬ್ಬ ‘ಇದು ಬಿಆರ್‌ಎಂ ಏನ್ರಿ’ ಅಂತ ಕೇಳಿದ್ದಾನೆ. ಅಲ್ಲಪ್ಪಾ. ಅದು ಪ್ಯಾರಿಸ್ಸಿನ ಆಡಾಕ್ಸ್ ಅನ್ನುವ ಸೈಕಲ್ ಕ್ಲಬ್ಬಿನ ನಿಯಮದ ದೂರದ ಸವಾರಿ, ಗೊತ್ತುಮಾಡಿದ ಹೊತ್ತಿನೊಳಗೆ ಮುಗಿಸಬೇಕು: 200 ಕಿ.ಮೀ.ಗೆ 13 ತಾಸು 30 ನಿಮಿಷ, 300ಕ್ಕೆ 20 ತಾಸು, 400ಕ್ಕೆ 27 ತಾಸು, 600ಕ್ಕೆ 40 ತಾಸು. ನಮ್ಮದರಲ್ಲಿ ದಾರಿಯಲ್ಲಿ ಗುರುತು ಹಾಕಿಸುವ ಕಾರ್ಡೂ ಇಲ್ಲ, ಗಡಿಯಾರವೂ ಇಲ್ಲ. ಆದರೆ ಅಲ್ಲಿ ರಾತ್ರಿ ಮುಂದೆ-ಹಿಂದೆ ಲೈಟು, ಹೊಳೆಯುವ ಜಾಕೀಟು ಕಡ್ಡಾಯ. ನಮ್ಮ ಗುಂಪಿನಲ್ಲೂ ಇವಿಲ್ಲದೆ ಬಂದವರನ್ನು ಹೊರಡಿಸಬಾರದು ಅನ್ನುವುದು ನನ್ನ ಮಾತು.

ಅಂದಹಾಗೆ ಲಕ್ಕುಂಡಿಯಲ್ಲಿ ಆ ಹೊತ್ತಿಗೆ ಗುಡಿ ತೆರೆದಿರುವುದಿಲ್ಲ, ಅತ್ತಿಮಬ್ಬೆಯ ಬಸದಿ ತೋರಿಸಿ ಅಂತ ಹುಬ್ಬಳ್ಳಿ ಹುಡುಗರು ನಿಮ್ಮನ್ನು ಕಾಡಿದರೆ ಹಗಲು ಬರಲು ಹೇಳ್ರಿ.

ಅಕ್ಕಾರ, ನಿಮ್ಮ ಟೈರಿನ ಪಕ್ಕದಲ್ಲಿ ಬರೆದ ಅಳತೆಯ ಫೋಟೋ, ಗಾಳಿ ತುಂಬುವ ವಾಲ್ವಿನ ಫೋಟೋ ಎರಡನ್ನೂ ಇಲ್ಲೇ ಹಾಕ್ರಿ. ಯಾವ ಟ್ಯೂಬು, ಯಾವ ಪಂಪು ಅಂತ ನೋಡಿ ಹೇಳುತ್ತೇನೆ. ಲೈಟು ತಗೊಳ್ಳುವ ಮೊದಲು ಅದರ ಹೆಸರೂ ಹೇಳ್ರಿ, ಅವಸರ ಮಾಡಬೇಡ್ರಿ.